ತೊಟ್ಟಿಲಲ್ಲಿ ಇಡದ ಹೆಸರು

ಪ್ರಮೀಳಾ ಎಂದು ಯಾರಾದರೂ ಕರೆದರೆ ನಾನು ತಿರುಗಿ ನೋಡುತ್ತೇನೆಯೇ? ಅರವತ್ತೊಂದರ ಜೂನ್‌ನಲ್ಲಿ, ಯಲಹಂಕದ ಹುಡುಗಿಯರ ಶಾಲೆಗೆ ಟೀಚರಾಗಿ ಹೊರಟ ಮೊದಲ ದಿನ ನನಗಿದ್ದ ಭಯ ಇದೊಂದೇ. ಪಾಠದ ಭಯ ಇರಲಿಲ್ಲ.

ದಾಖಲೆಯಲ್ಲಿ ನನ್ನ ಹೆಸರು ಪಾಪಮ್ಮ. ನಮ್ಮ ಮನೆಯ ಮಾತಿನಲ್ಲಿ ಪಾಪ ಎಂದರೆ ಕೂಸು. ಪುಸ್ತಕದಲ್ಲಿ ಓದುವ ಪಾಪ ಸಂಸ್ಕೃತದ್ದು, ನರಕಕ್ಕೆ ದಾರಿ. ಎರಡರ ಬೇರೂ ಬೇರೆ, ರೂಪ ಮಾತ್ರ ಒಂದು ಎಂದು ಬಿ.ಎ.ಯಲ್ಲಿ ಕಲಿತೆ. ಕಲಿತರೇನು, ನಾನು ಓದುವಾಗ ತರಗತಿಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ಬರುತ್ತಿದ್ದ "ಅಯ್ಯೋ ಪಾಪ!" ಕಿವಿ ಬಿಟ್ಟು ಹೋಗಲಿಲ್ಲ. ಕೆಲಸ ಕೊಟ್ಟ ದಿನ ಹೆಡ್‌ಮಿಸ್ಟ್ರೆಸ್ "ಮಕ್ಕಳು ಆಡ್ಕೋತಾರಮ್ಮ, ಪ್ರಮೀಳಾ ಅಂತ ಹೇಳ್ಬಿಡೋಣ" ಎಂದಾಗ ಒಪ್ಪಿಕೊಂಡಿದ್ದೆ.

ಆ ಮೊದಲ ದಿನ ಬೆಳಿಗ್ಗೆ ನನಗೆ ಜಡೆ ಹಾಕುತ್ತಿದ್ದ ಅಮ್ಮನಿಗೆ ಅದನ್ನು ಹೇಳಿದೆ. ಬಾಚಣಿಗೆ ನಿಂತಿತು.

"ನಿನ್ ಮುಂಚೆ ಉಟ್ಟಿದ ಎರಡಕ್ಕೂ ತೊಟ್ಲಿಗಾಕಿ ಹೆಸ್ರಿಕ್ಕಿದ್ವಿ. ವರ್ಸ ತುಂಬ್ಲಿಲ್ಲ. ಅದ್ಕೇ ನಿಂಗೆ ಹೆಸ್ರೇ ಇಕ್ಲಿಲ್ಲ, ಬರೀ ಪಾಪ ಪಾಪ ಅಂತ ಕೂಗ್ದೆ. ಇಸ್ಕೂಲ್‌ನಾಗೆ ಹೆಸ್ರೇನು ಅಂದ್ರೆ ನಿಮ್ಮಪ್ಪನೂ ಅದ್ನೇ ಅಂದ. ಮೇಷ್ಟ್ರು ಅಮ್ಮ ಸೇರ್ಸಿ ಬರ್ಕೊಂಡ್ರು."

ಮತ್ತೆ ಬಾಚತೊಡಗಿದಳು.

"ನೀನು ಏನಾರ ಇಟ್ಕೋ. ನನ್ ಬಾಯಲ್ಲಿ ಮಾತ್ರ ಬರಾಕಿಲ್ಲ. ಭಯ ಆಯ್ತದೆ."

ಇದನ್ನು ಅವಳು ಹಿಂದೆಂದೂ ಹೇಳಿರಲಿಲ್ಲ. ಅದೇ ಗುಂಗಿನಲ್ಲಿ ಬುತ್ತಿಯನ್ನು ಮರೆತು ಹೊರಟುಬಿಟ್ಟೆ.

ಮಧ್ಯಾಹ್ನ ಊಟದ ಗಂಟೆಗೆ ಗೇಟಿನ ಬಳಿ ಗದ್ದಲ. ಹುಡುಗಿಯರ ನಡುವೆ ಅಮ್ಮ.

"ನಮ್ ಪಾಪ ಎಲ್ಲವ್ಳೆ? ಬುತ್ತಿ ಬುಟ್ಟೋಗವ್ಳೆ."

"ಪಾಪಗಳೆಲ್ಲ ಇಲ್ಲಿಲ್ಲ ಅಜ್ಜಿ, ಶಿಶುವಿಹಾರ ಆಚೆ ಬೀದಿ!"

"ಯೇ, ಬಿ.ಎ. ಪಾಸ್ ಮಾಡವ್ಳೆ ಕಣವ್ವ!"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಅಮ್ಮ ವರಾಂಡದಲ್ಲಿದ್ದ ನನ್ನನ್ನು ಕಂಡಳು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಹೊಸ ಹೆಸರು ಅವಳಿಂದ ಆಗದು. ಹಳೆಯದನ್ನು ಕೂಗಿ ನನ್ನ ಮಾನ ಕಳೆಯಲೂ ಮನಸ್ಸಿಲ್ಲ. ಬುತ್ತಿಯನ್ನು ಗೇಟಿನ ಪಕ್ಕದ ಕಲ್ಲಿನ ಮೇಲಿಟ್ಟು, ಸೆರಗು ಹೊದ್ದು, ತಿರುಗಿ ನಡೆದಳು.

"ಯಾರದು, ಪ್ರಮೀಳಾ? ನಿಮಗೆ ಗೊತ್ತಾ?" ಪಕ್ಕಕ್ಕೆ ಬಂದ ಹೆಡ್‌ಮಿಸ್ಟ್ರೆಸ್ ಕೇಳಿದರು.

ಗೇಟಿನವರೆಗೆ ಕೇಳುವಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿದವಳಲ್ಲ; ಅಂದು ಮಾತಾಡಿದೆ.

"ನಮ್ಮಮ್ಮ, ಮೇಡಂ. ಅವರು ಕೇಳಿದ ಪಾಪ ನಾನೇ."