ದವಡೆಯಲ್ಲಿಟ್ಟ ಸೊಪ್ಪು

ನುಂಗಬಾರದು. ಉಗುಳಬಾರದು. ಮಾತಂತೂ ಆಡಲೇಬಾರದು.

ಅರೆದ ಸೊಪ್ಪಿನ ಉಂಡೆಯನ್ನು ದವಡೆಗೆ ಒತ್ತಿಕೊಂಡು ಸುಯಶ ಖಾನಾಪುರದಲ್ಲಿ ಬೆಳಗಾವಿಯ ಬಸ್ಸು ಹತ್ತಿದ. ಕಾಮಾಲೆಗೆ ಔಷಧ ಕೊಡುವ ಸಂಗವ್ವನ ಕಟ್ಟಳೆ ಅದು: ಬಾಯಲ್ಲೇ ಒಯ್ದು, ಸ್ವಂತ ಮನೆಯ ಹೊಸ್ತಿಲು ದಾಟಿದ ಮೇಲೆ ನುಂಗಬೇಕು.

ಮಗನ ಕಣ್ಣು ಮತ್ತೆ ಹಳದಿಯಾಗಿದ್ದು ಕಂಡು ಅವನನ್ನು ಕರೆತಂದಿದ್ದ ಅವ್ವ ಕಾಂತಾ ಸಂಗವ್ವನನ್ನು ಕೇಳಿದ್ದು ಒಂದೇ ಮಾತು. “ಇದ್ರಾಗ ಗಡ್ಡಿ ಗಿಡ್ಡಿ ಇಲ್ಲಲ್ಲಾ? ನಾವು ಜೈನ್ರು.”

“ಬರೇ ಎಲಿ ರೀ ಯವ್ವಾ.”

ಅಲ್ಲಿಗೆ ಅವ್ವನ ಧರ್ಮ ಉಳಿಯಿತು. ಮಗನ ಹೊಟ್ಟೆಗೆ ಹೊಸದಾಗಿ ಹಾಕಿದ ಲಿವರ್ ಉಳಿಯುತ್ತದೋ ಎಂದು ಯಾರೂ ಕೇಳಲಿಲ್ಲ. ಗಿಡಮೂಲಿಕೆ ಮುಟ್ಟಿದರೆ ಮೈ ಅದನ್ನು ಹೊರದಬ್ಬಬಹುದು ಎಂದು ಡಾಕ್ಟರು ಹೇಳಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸುಯಶ ಅದನ್ನು ಚೆನ್ನಾಗಿ ತಿಳಿದೇ ಬಾಯಿ ತೆರೆದಿದ್ದ.

ಲಿವರ್ ಅವನದಲ್ಲ. ಹೆಂಡತಿ ಪೂನಮ್ ತನ್ನದರಲ್ಲೊಂದು ಪಾಲು ಕೊಯ್ಯಿಸಿ ಕೊಟ್ಟಿದ್ದಳು. ಅಂದಿನಿಂದ ಬೆಳಗಾವಿಯ ಹಿಂದವಾಡಿಯ ಮನೆಗೆ ಬಂದವರೆಲ್ಲ ಅವನ ಹೊಟ್ಟೆ ನೋಡಿ “ಪೂನಮ್‌ಂದು ಹೆಂಗೈತಿ?” ಎನ್ನುತ್ತಿದ್ದರು. ಅವನು ಹೇಗಿದ್ದಾನೆಂದು ಕೇಳುವವರಿಲ್ಲ. ಉಪಕಾರ ಹೊತ್ತು ಹೊತ್ತು ಅವನಿಗೆ ಅವಳ ಮೇಲೆ ದ್ವೇಷವೇ ಹುಟ್ಟಿತ್ತು. ಸ್ನಾನಕ್ಕೆ ನಿಂತಾಗಲೆಲ್ಲ ಹೊಲಿಗೆ ಹರಿದು, ಒಳಗಿನದನ್ನು ಕಿತ್ತು ಅವಳ ತಾಟಿಗೆ ಎಸೆಯಬೇಕೆನಿಸುತ್ತಿತ್ತು.

ಬಸ್ಸಿನಲ್ಲಿ ಬಾಜು ಕೂತ ಪರಿಚಯದ ಚನ್ನಬಸಯ್ಯ ವಿಚಾರಿಸಿದರು. “ಆರಾಮ ಏನ್ರಿ ಸರ? ಪೂನಮ್ ಬಾಯಾರು ಕೊಟ್ಟಿದ್ದು ಹೊಂದಿಕೊಂಡೈತಿಲ್ಲ?”

ಸುಯಶ ತಲೆಯಾಡಿಸಿದ. ಆ ಮುಖವನ್ನು ಮುಂದಿನ ಸೀಟಿನ ಸರಳಿಗೆ ಚಚ್ಚುವ ಆಸೆಯನ್ನು ಸೊಪ್ಪಿನ ಜೊತೆಗೇ ಕಚ್ಚಿ ಹಿಡಿದ. ಮಾತು ಬೇಡವೆಂಬ ಕಟ್ಟಳೆ ಎಷ್ಟು ಅನುಕೂಲ ಅನ್ನಿಸಿತು.

ಮನೆಯ ಬಾಗಿಲಲ್ಲಿ ಪೂನಮ್ ಮಾತ್ರೆಯ ಬಟ್ಟಲು ಹಿಡಿದು ನಿಂತಿದ್ದಳು.

“ಮಾತ್ರಿ ಬಿಟ್ಟು ಎಲ್ಲಿ ಹೋಗಿದ್ರಿ?”

ಅವಳು ಅವನ ಉಬ್ಬಿದ ಗಲ್ಲ ನೋಡಿದಳು, ತುಟಿಯಂಚಿನ ಹಸಿರು ನೋಡಿದಳು, ಅತ್ತೆಯ ಮುಖ ನೋಡಿದಳು.

“ಬಾಜು ಸರಿ ಪೂನಮ್,” ಎಂದಳು ಕಾಂತಾ. “ಒಂದ ಹೆಜ್ಜಿ ಒಳಗ ಬರ್ಲಿ.”

ಪೂನಮ್ ಬಾಗಿಲಿಗೆ ಅಡ್ಡ ನಿಂತಳು. “ಉಗುಳ್ರಿ.”

ಅವನು ತಲೆ ಅಲ್ಲಾಡಿಸಿದ.

“ಉಗುಳ್ರಿ ಅಂದ್ನಿ! ಅದು ನಂದೈತಿ!”

ಕೊನೆಗೆ ಅವಳೂ ಅದನ್ನೇ ಅಂದಳು. ಸುಯಶ ಅವಳನ್ನು ನೂಕಿದ. ಗಾಯದ ಹೊಟ್ಟೆ ಚೌಕಟ್ಟಿಗೆ ಬಡಿದು ಅವಳು ಮುದುಡಿದಳು. ಬಟ್ಟಲು ಬಿದ್ದು ಮಾತ್ರೆಗಳು ಚೆಲ್ಲಿದವು. ಮುದುಡಿದವಳೇ ಎದ್ದು ಅವನ ದವಡೆ ಹಿಚುಕಿ ಬಾಯೊಳಗೆ ಬೆರಳು ತುರುಕಿದಳು.

ಅವನು ಕಚ್ಚಿದ. ಅವಳು ಕಿರುಚಿದಳು, ಬೆರಳು ಮಾತ್ರ ತೆಗೆಯಲಿಲ್ಲ. ಹಲ್ಲಿಗೆ ಎಲುಬು ತಾಕಿತು.

ಇರುವೆ ಕಂಡರೂ ಕಾಲು ಎತ್ತಿಡುವ ಮನೆ ಅದು. ಅವ್ವ ಹಿಂದಿನಿಂದ ಅವನ ಬೆನ್ನಿಗೆ ಎರಡೂ ಕೈ ಕೊಟ್ಟು ಒಳಗೆ ದಬ್ಬುತ್ತಿದ್ದಳು. ಒಂದು ಕಾಲು ಹೊಸ್ತಿಲ ಆಚೆ, ಒಂದು ಈಚೆ. ಸೊಪ್ಪಿನ ಕಹಿಯೊಳಗೆ ಪೂನಮ್ ಬೆರಳಿನ ರಕ್ತ ಬೆಚ್ಚಗೆ ಬೆರೆತು ಬಾಯಿ ತುಂಬುತ್ತಿತ್ತು.

ಪೂನಮ್ ಅವನ ಗಂಟಲನ್ನೇ ನೋಡುತ್ತಿದ್ದಳು. ಅವನನ್ನು ಕೇಳದೆ ಅದು ನುಂಗಲೆಂದು ಒಮ್ಮೆ ಮೇಲೇರಿತು.