ಬೀದಿಯಿಂದ ತಂದ ಮೈಕ್ರೋವೇವ್

ಆಸ್ಟ್ರೇಲಿಯಾದ ಬೆಂಡಿಗೊದಲ್ಲಿ ನಗರ ಕೌನ್ಸಿಲ್‌ನವರು ಮನೆಮನೆಯ ದೊಡ್ಡ ಕಸ ಒಯ್ಯುವ ವಾರ ಬಂತೆಂದರೆ ಡೋರೀನ್‌ಗೆ ತಲೆನೋವು ಶುರು. ಜನ ಬೀದಿಗಿಟ್ಟ ಹಾಳುಮೂಳನ್ನೆಲ್ಲ ಗಂಡ ಕ್ಲೈವ್ ಟ್ರೇಲರಿಗೆ ತುಂಬಿ ತರುತ್ತಾನೆ. ಈ ಸಲ ತಂದದ್ದು ಮೈಕ್ರೋವೇವ್ ಓವನ್. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಕಿತ್ತು ಶೆಡ್ಡಿನ ಮೇಜಿನ ಮೇಲಿಟ್ಟಿದ್ದ. ಅದರಿಂದ ಬರುವ ಕರೆಂಟನ್ನು ಹಲಗೆಗೆ ಹರಿಸಿದರೆ ಮರ ಸುಟ್ಟು ಮಿಂಚಿನಂಥ ಚಿತ್ತಾರ ಮೂಡುತ್ತದಂತೆ. ಮೊಬೈಲಿನಲ್ಲಿ ಯಾವನೋ ಮಾಡಿ ತೋರಿಸಿದ್ದ.

"ನೀನೂ ಶೆಡ್ಡಿಗೆ ಬಾ," ಎಂದ ಕ್ಲೈವ್. "ನಂಗೇನಾದ್ರೂ ಶಾಕ್ ಹೊಡೆದ್ರೆ ಹಿಡಿದು ಎಳಿ, ಅಷ್ಟೇ."

ಡೋರೀನ್‌ಗೆ ಮೈ ಉರಿದುಹೋಯಿತು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ನರೆಲ್‌ಳನ್ನು ಕೂಗಿದಳು. ನರೆಲ್ ಎಲೆಕ್ಟ್ರಿಷಿಯನ್. ವಿಷಯ ಕೇಳಿದ್ದೇ ಬಟ್ಟೆಯನ್ನು ಬುಟ್ಟಿಗೆ ಬಿಸಾಕಿ ನೇರ ಕ್ಲೈವ್ ಬಳಿ ಬಂದಳು.

"ತಲೆ ಕೆಟ್ಟಿದ್ಯಾ ನಿಂಗೆ?"

"ಸುಮ್ನೆ ಗಾಬರಿ ಬೀಳ್ಬೇಡ ಮಾರಾಯ್ತಿ. ಮನೇಲಿ ಸೇಫ್ಟಿ ಸ್ವಿಚ್ ಇದೆ, ಶಾಕ್ ಹೊಡೆದ್ರೆ ತಾನೇ ಆಫ್ ಆಗುತ್ತೆ. ನೀನೇ ಹಾಕಿಕೊಟ್ಟಿದ್ದಲ್ವಾ?"

"ಹಾಕಿದ್ದು ನಾನೇ, ಅದಕ್ಕೇ ಹೇಳ್ತಿದೀನಿ. ಆ ಸ್ವಿಚ್ ನೋಡೋದು ಮನೆ ವೈರಿನ ಕರೆಂಟನ್ನ ಮಾತ್ರ. ಟ್ರಾನ್ಸ್‌ಫಾರ್ಮರ್ ಆಚೆ ಬದಿ ಎರಡು ಸಾವಿರ ವೋಲ್ಟ್ ನಿನ್ನ ಎದೆ ಹಾದುಹೋದ್ರೂ ಅದಕ್ಕೆ ಗೊತ್ತೇ ಆಗಲ್ಲ."

"ಗ್ಲೌಸ್ ಹಾಕ್ಕೊಳ್ತೀನಿ."

"ಪಾತ್ರೆ ತೊಳೆಯೋ ಗ್ಲೌಸಾ? ನೀನು ಹೆಣವಾದ್ಮೇಲೆ ಅದನ್ನ ನಾವೇ ತೊಳೆದಿಡ್ತೀವಿ ಬಿಡು."

"ಡೋರೀನ್ ಪಕ್ಕದಲ್ಲೇ ಇರ್ತಾಳಲ್ಲ, ಎಳೀತಾಳೆ."

"ಎಳೀತಾಳೆ, ಮುಟ್ಟಿದ ಕೂಡ್ಲೇ ಅವಳೂ ಹೋಗ್ತಾಳೆ. ನಿನ್ನ ಹುಚ್ಚಿಗೆ ಹೆಂಡ್ತೀನ ಬಲಿ ಕೊಡೋಕೆ ನಾಚಿಕೆ ಆಗಲ್ವಾ?"

ಕ್ಲೈವ್ ಹೆಂಡತಿಯ ಕಡೆ ತಿರುಗಿದ. "ನಾನು ಬಿದ್ರೆ ನಿಜವಾಗ್ಲೂ ಮುಟ್ತಿದ್ಯಾ?"

"ಮುಟ್ಟದೆ ನಿಂತು ನೋಡ್ತಿದ್ನಾ, ಕತ್ತೆ?" ಎಂದಳು ಡೋರೀನ್.

ಕ್ಲೈವ್ ಟ್ರಾನ್ಸ್‌ಫಾರ್ಮರನ್ನು ಟ್ರೇಲರಿಗಿಟ್ಟು, ವಿದ್ಯುತ್ ಸಾಮಾನಿನ ಕಸ ತೆಗೆದುಕೊಳ್ಳುವ ಡಿಪೋಗೆ ಕೊಟ್ಟು ಬಂದ. ಡೋರೀನ್ ಮಾತ್ರ ಆ ದಿನವೆಲ್ಲ ಅವನೊಡನೆ ಮಾತು ಬಿಟ್ಟಳು. ಬಿಟ್ಟದ್ದು ಸರಿಯಾಗಿಯೇ ಇತ್ತು.

ಓದುವವರೇ, ಹವ್ಯಾಸಕ್ಕೆ ಬೇರೆ ನೂರು ದಾರಿಗಳಿವೆ. ಮೈಕ್ರೋವೇವ್ ಓವನ್ ಬಿಚ್ಚಬೇಡಿ. ಪ್ಲಗ್ ಕಿತ್ತಿಟ್ಟರೂ ಒಳಗೆ ಕೊಲ್ಲುವಷ್ಟು ಕರೆಂಟ್ ಉಳಿದಿರಬಹುದು. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಆಂಬ್ಯುಲೆನ್ಸ್ ಕರೆಯಿರಿ. ಇಷ್ಟಾದರೂ ನಿಮಗೆ ಆ ಚಿತ್ತಾರವೇ ಬೇಕು ಅನಿಸಿದರೆ, ನೀವು ಬಿದ್ದಾಗ ಹಿಂದುಮುಂದು ನೋಡದೆ ಓಡಿ ಬಂದು ನಿಮ್ಮ ಕೈ ಹಿಡಿಯುವವರು ಯಾರು ಎಂದು ಯೋಚಿಸಿ. ಅವರೂ ಸಾಯುತ್ತಾರೆ.