ಎರಡನೆಯ ಹೆಸರು

ಮೇ ತಿಂಗಳ ವರದಿಗೆಂದು ಹೈಮ ಎಚ್ಚರಿಕೆಯ ಕರೆಗಳನ್ನು ಎಣಿಸುತ್ತಿದ್ದಳು. ವಿಶಾಖಪಟ್ಟಣದ ಬಂದರಿಗೆ ಬರುವ ಲಾರಿಗಳಿಗೆ ಗೇಟ್ ಪಾಸ್ ಕೊಡುವ ಸರ್ವರ್‌ಗಳನ್ನು ಕಾಯುವುದು ಅವಳ ಕಚೇರಿಯ ಕೆಲಸ. ಸರ್ವರ್ ಎಡವಿದರೆ ಮೊದಲು ಆ ವಾರದ ಸರದಿಯವರ ಫೋನ್ ಬಡಿದುಕೊಳ್ಳುತ್ತದೆ. ಹತ್ತು ನಿಮಿಷ ಅವರು ಎತ್ತದಿದ್ದರೆ ಎರಡನೆಯವರದು. ಇನ್ನೂ ಹತ್ತು ನಿಮಿಷ ಕಳೆದರೆ ಮ್ಯಾನೇಜರ್ ಪೈಡಿರಾಜು ಅವರದು. ಸರದಿ ಯಾರದೇ ಇರಲಿ, ಎರಡನೆಯ ಹೆಸರು ಹೈಮಳದೇ. ನಾಲ್ಕು ವರ್ಷದ ಹಿಂದೆ ಯಾರೋ ರಜೆ ಹೋದಾಗ ಬರೆದದ್ದು, ಹಾಗೇ ಉಳಿದುಬಿಟ್ಟಿತ್ತು.

ಒಟ್ಟು ನಲವತ್ತಮೂರು ಕರೆ. ಸರದಿಯವರು ಮೂವರೂ ಸೇರಿ ಎತ್ತಿದ್ದು ಎರಡು. ಉಳಿದ ನಲವತ್ತೊಂದೂ ಅವಳವೇ. ಒಂದನ್ನು ನಾದಿನಿಯ ಮದುವೆಯಲ್ಲಿ ಎಲೆಯ ಮುಂದಿನಿಂದ ಎದ್ದು ಹೋಗಿ ಎತ್ತಿದ್ದಳು. ಇನ್ನೊಂದನ್ನು ತಲೆಯ ತುಂಬ ಅಂಟುವಾಳದ ನೊರೆ ಇಟ್ಟುಕೊಂಡು. ವರದಿಯಲ್ಲಿ ಎತ್ತಿದವರ ಹೆಸರಿಗೆ ಜಾಗವಿರಲಿಲ್ಲ. ಎಷ್ಟು ನಿಮಿಷಕ್ಕೆ ಎತ್ತಿದರು ಎಂಬುದಕ್ಕಷ್ಟೇ ಇತ್ತು.

ಈ ವಾರದ ಸರದಿಯ ತ್ರಿನಾಥ್ ಕೇಳದೆಯೇ ಟೀ ತಂದಿಟ್ಟ.

"ಅಕ್ಕಾ, ಭಾನುವಾರ ಸರದಿಯವರು ನಾವು ಮೂವರೂ ಅರಕುಗೆ ಹೊರಟಿದೀವಿ. ಬೆಟ್ಟದ ಮೇಲೆ ಸಿಗ್ನಲ್ ಇರಲ್ಲ."

"ಸರದಿ ನಿಂದಲ್ವೇನೋ?"

"ನೀವಿದೀರಲ್ಲಕ್ಕಾ! ನಿಮ್ಮ ಫೋನ್ ಒಂದ್ಸಲ ಪೂರ್ತಿ ಬಡ್ಕೊಳ್ಳೋಕೂ ನೀವು ಬಿಡಲ್ಲ."

"ಹೂಂ, ನೀನಲ್ಲಿ ಬಿದಿರಲ್ಲಿ ಬೇಯ್ಸಿದ ಕೋಳಿ ತಿನ್ನು, ನಾನಿಲ್ಲಿ ಲಾರಿ ಕಾಯ್ತೀನಿ."

"ಒಂದು ತೊಡೆ ತಂದ್ಕೊಡ್ತೀನಿ ಬಿಡಿ," ಎಂದು ನಗುತ್ತ ಹೋದ.

ಅವಳು ಎದ್ದು ಪೈಡಿರಾಜು ಅವರ ಮೇಜಿಗೆ ಹೋದಳು.

"ಸರ್, ಎರಡನೇ ಹೆಸರು ಬದಲಾಯ್ಸಿ. ಭಾನುವಾರ ಒಂದು ದಿನ ಆದ್ರೂ ನಂಗೆ ಬಿಡುವು ಬೇಕು."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೋಡಮ್ಮಾ, ಎಲ್ಲಾ ಹಸಿರು! ಯಾವ ಕರೇನೂ ಹನ್ನೊಂದು ನಿಮಿಷ ದಾಟಿಲ್ಲ, ಒಂದೂ ನನ್ನ ತನಕ ಬಂದಿಲ್ಲ. ಚೆನ್ನಾಗಿ ನಡೀತಿರೋದನ್ನ ಯಾಕಮ್ಮಾ ಮುಟ್ಟೋದು?"

ಹೈಮ ತನ್ನ ಜಾಗಕ್ಕೆ ಬಂದು ಕೂತಳು. ಟೀ ಆರಿಹೋಗಿತ್ತು, ಆದರೂ ಕುಡಿದಳು. ಭಾನುವಾರ ಏನಾದರೂ ಕೆಟ್ಟರೆ ಲಾರಿಗಳು ಗೇಟಿನಲ್ಲಿ ಇನ್ನೂ ಹತ್ತು ನಿಮಿಷ ನಿಲ್ಲುತ್ತವೆ. ಬಿಸಿಲಲ್ಲಿ ಚಾಲಕರು ಬೈಯುತ್ತಾರೆ. ಅದನ್ನು ನೆನೆದರೆ ಹಿತವೆನಿಸಲಿಲ್ಲ. ಆದರೆ ಆ ಹತ್ತು ನಿಮಿಷ ಕಳೆದ ಮೇಲೆ ಮೂರನೆಯ ಫೋನ್ ಬಡಿದುಕೊಳ್ಳುತ್ತದೆ. ಅದು ಇರುವುದೇ ಅದಕ್ಕೆ.

ಭಾನುವಾರ ಬೆಳಿಗ್ಗೆಯೇ ಫೋನನ್ನು ಬೀರುವಿನಲ್ಲಿ ಸೀರೆಗಳ ಅಡಿಗಿಟ್ಟು ಬಾಗಿಲು ಹಾಕುವುದು. ಸಂಜೆಯವರೆಗೂ ತೆಗೆಯದಿರುವುದು.

ವರದಿ ಕಳಿಸಿದಳು. ಹೊರಡುವಾಗ ತ್ರಿನಾಥ್ ಬಾಗಿಲಿನಿಂದಲೇ ಕೂಗಿದ: "ಅಕ್ಕಾ, ಭಾನುವಾರ ಮರೀಬೇಡಿ!"

"ಬೆಟ್ಟದಲ್ಲಿ ಮಳೆ ಬರಬಹುದು, ಕೊಡೆ ತಗೊಂಡು ಹೋಗೋ," ಎಂದಷ್ಟೇ ಹೇಳಿದಳು.